ಸೇತುವೆಯ ಕ್ಯಾಮೆರಾ

ಅಮೆರಿಕದ ಒರೆಗನ್ ರಾಜ್ಯದ ನಮ್ಮೂರ ಪಶು ಆಹಾರದ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಹಸು ಸಾಕುವ ಲೋರ್ನಾ ನಿಂತಿದ್ದಳು. ಪಕ್ಕದಲ್ಲಿ ಪೊಲೀಸು ಸಮವಸ್ತ್ರದಲ್ಲಿದ್ದ ಅವಳ ಸೋದರಳಿಯ ಓರಿನ್.

“ಯುಸೆಬಿಯೊ ಈ ವಾರವೆಲ್ಲ ಹಾಲು ಕರೆಯೋಕೆ ಬಂದಿಲ್ಲ ಕಣೋ. ಈ ದೇಶದಲ್ಲಿರೋಕೆ ಕಾಗದಪತ್ರ ಇಲ್ಲದೋನು, ಸೇತುವೆ ದಾಟೋಕೆ ಹೆದರ್ತಾನೆ. ಅಲ್ಲಿರೋ ಕ್ಯಾಮೆರಾ ಗಾಡಿ ನಂಬರು ಹಿಡಿಯುತ್ತಲ್ಲ.”

“ವಲಸಿಗರನ್ನ ಹಿಡಿಯೋ ಕೇಂದ್ರದೋರಿಗೆ ನಾವು ಪೊಲೀಸರು ಏನೂ ಮಾಹಿತಿ ಕೊಡೋ ಹಾಗಿಲ್ಲ ಅತ್ತೆ. ರಾಜ್ಯದೋರು ಕಾನೂನೇ ಮಾಡಿದಾರೆ.”

“ಮತ್ತೆ ಅವನ ತಮ್ಮನ್ನ ಹೇಗೆ ಹಿಡ್ಕೊಂಡು ಹೋದ್ರು?”

ಓರಿನ್ ದನಿ ತಗ್ಗಿಸಿದ. “ಆ ಕ್ಯಾಮೆರಾ ನಮ್ಮದಲ್ಲ. ಡೀಸೆಲ್ ಕಳುವಾಯ್ತು ಅಂತ ಈ ಅಂಗಡಿ ವೆಂಡೆಲ್ ಹಾಕಿಸಿದ್ದು. ಕೇಂದ್ರದೋರು ಕೇಳಿದ್ರೆ ಇವನು ಕೊಡ್ತಾನೆ. ಕಾನೂನು ಪೊಲೀಸರಿಗಷ್ಟೇ, ಇವನಿಗಲ್ಲ.”

“ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆಗೆದಿಟ್ರಾ? ಚೆನ್ನಾಗಿದೆ!”

“ನನ್ನ ಮೇಲ್ಯಾಕೆ ರೇಗ್ತೀಯ?”

“ಇನ್ಯಾರ ಮೇಲೆ ರೇಗ್ಲಿ, ಹಸುಗಳ ಮೇಲಾ?”

ಅಷ್ಟರಲ್ಲಿ ಅವಳ ಸರದಿ ಬಂತು. ವೆಂಡೆಲ್ ಹಿಂಡಿಯ ಮೂಟೆಯನ್ನು ಮುಂದಕ್ಕೆಳೆದು ನಗುತ್ತ ಕೇಳಿದ: “ಎತ್ತೋಕೆ ಯುಸೆಬಿಯೊ ಬರ್ಲಿಲ್ವಾ?”

“ನಿನ್ನ ಕ್ಯಾಮೆರಾನೇ ಕೇಳು.”

ಮೂಟೆಯ ಒಂದು ತುದಿಯನ್ನು ಅವಳೇ ಹಿಡಿದಳು. ಇನ್ನೊಂದಕ್ಕೆ ಓರಿನ್ ಬಾಗಿದ. ಇಬ್ಬರೂ ಅದನ್ನೆತ್ತಿಕೊಂಡು ಹೊರಗೆ ಹೋದರು.