ಬಿಳಿ ದಾರದವು

ಹಿಂಡ್ಬೇಡ ಮಾರಾಯ, ಇಲಿ ಅದು, ನಿಂಬೆಹಣ್ಣಲ್ಲ. ಕುತ್ತಿಗೆ ಹಿಂದಿನ ಚರ್ಮ ಎರಡು ಬೆರಳಲ್ಲಿ ಎತ್ತಿ ಹಿಡಿ... ಹಾಂ, ಹಂಗೆ. ಹೆದ್ರಬೇಡ ಕನ್ನಪ್ಪ, ಈಥರಿನ ಹತ್ತಿ ಮೂಸಿಸಿದೀನಿ, ಅದಕ್ಕೆ ಎಂತದೂ ಗೊತ್ತಾಗಲ್ಲ. ಸ್ವಲ್ಪ ಗೊತ್ತಾಗ್ತದೇನೋ... ಕಾಲು ಒದೀತಿದೆಯಲ್ಲ. ಒದೀಲಿ ಬಿಡು.

ಕೈ ಎಂತಕ್ಕೆ ನಡುಗ್ತದೆ ನಿಂದು? ನಿನ್ನ ತಮ್ಮ ಮಾಸ್ತಪ್ಪನೇ ವಾಸಿ. ಇದೇ ಲ್ಯಾಬಿಗೆ ಅಂತ ಕಾಡೊಳಗೆ ಬಟ್ಟೆ ಎಳ್ದು ರಕ್ತ ಹೀರೋ ಉಣುಗು ಹಿಡ್ಕೊಂಡು ಬರ್ತಿದ್ದ, ಒಂದಿನ ನಡುಗಿದ್ದಿಲ್ಲ. ನಡುಗಿದ್ದು ಮಂಗನ ಕಾಯಿಲೆ ಬಂದ್ಮೇಲೇ... ಎಂತ ಹಂಗೆ ನೋಡ್ತೀಯ? ತಮಾಷೆಗಂದೆ. ಸತ್ತೋನು ಸತ್ತ. ತಿಥಿ ಮುಗೀತಿದ್ದಂಗೆ ಅವನ ಜಾಗಕ್ಕೆ ನಿನ್ನ ಸೇರಿಸ್ಕೊಳ್ಳಿ ಅಂತ ಡಾಕ್ಟ್ರ ಕಾಲು ಹಿಡ್ದೋನು ಈ ದುಗ್ಗಪ್ಪ. ಅದು ನೆನಪಿರ್ಲಿ.

ಕತ್ತರಿ ಇಟ್ಟೆ, ನೋಡು... ಚಕ್. ಅಷ್ಟೇ. ಅಕ್ಕಿಕಾಳು ತೂರೋ ಅಷ್ಟು ಬಾಯಿ. ಗುಳಿಗೆ ಒಳಗೆ ತಳ್ಳು. ಚರ್ಮದಡಿ ಕೂತು ನಿಧಾನಕ್ಕೆ ಕರಗ್ತದೆ. ಈಗ ಹೊಲಿಗೆ. ಇಲ್ಲಿ ಮಾತ್ರ ತಪ್ಪಬೇಡ. ಮದ್ದಿನ ಗುಳಿಗೆ ಇಟ್ಟಿದ್ದಕ್ಕೆ ಕೆಂಪು ದಾರ. ಬಿಳಿ ದಾರದವಕ್ಕೆ ಮದ್ದಿಲ್ಲ, ಬರೀ ಮೇಣದುಂಡೆ. ಆಮೇಲೆ ಎಲ್ಲದಕ್ಕೂ ಅದೇ ಮಂಗನ ಕಾಯಿಲೆ ಚುಚ್ಚೋದು. ಬಿಳಿ ದಾರದವು ಸಾಯ್ಬೇಕು. ಅವು ಸತ್ರೆ ತಾನೇ ಕೆಂಪಿನವು ಬದುಕಿದ್ದು ಮದ್ದಿಂದ ಅಂತ ಗೊತ್ತಾಗೋದು?

ಪಾಪ ಅಂತೀಯ? ಪಾಪ-ಪುಣ್ಯ ನೋಡ್ತಾ ಕೂತ್ರೆ ಇಲ್ಲಿ ಊಟ ಸೇರಲ್ಲ. ಊಟ ಅಂದ್ಕೂಡ್ಲೆ ನೆನಪಾಯ್ತು, ನನ್ನ ಮಗಳು ಜಲಜ ಬುತ್ತಿ ತರೋ ಹೊತ್ತು. ಅವಳೂ ಮಾಸ್ತಪ್ಪ ಮಲಗಿದ ವಾರವೇ ಮಲಗಿದ್ಲು, ಗೊತ್ತಲ್ಲ? ಅದೇ ಜ್ವರ. ಎದ್ದು ಕೂತ್ಲು. ದೇವ್ರು ದೊಡ್ಡೋನು.

ಗಂಟು ನೋಡ್ಕ. ಎರಡು ಸುತ್ತು, ಒಂದು ತಿರುವು, ಬಾಳೆನಾರಲ್ಲಿ ಹೂ ಕಟ್ಟಿದ ಹಾಗೆ. ನಮ್ಮವ್ವ ಕಲಿಸಿದ್ದು. ಡಾಕ್ಟ್ರು ಬೇರೆ ಥರ ಹಾಕ್ತಾರೆ. ಈ ಲ್ಯಾಬಲ್ಲಿ ಈ ಗಂಟು ಹಾಕೋನು ನಾನೊಬ್ನೇ.

ಎಂತ? ನಿನ್ನ ಕುತ್ತಿಗೆ ಎಂತಕ್ಕೆ ಸವರ್ಕೊಳ್ತೀಯ? ಇಲಿಗೆ ಕತ್ತರಿ ಹಾಕಿದ್ರೆ ನಿಂಗೆ ಉರಿಯಾ?... ನಗಾಡು ಮಾರಾಯ. ಯಾಕೆ ಗಂಟನ್ನೇ ನೋಡ್ತಾ ಕೂತೆ?

ಮಾಸ್ತಪ್ಪನಿಗೆ... ಕೊನೇ ನೀರು ಹೊಯ್ದಿದ್ದು ನೀನಾ? ಆಸ್ಪತ್ರೆಯವರು ಬಟ್ಟೆ ಸುತ್ತಿ ಕೊಟ್ರು, ಹಾಗೇ ಸುಟ್ರು ಅಂದಿದ್ರಲ್ಲ... ಬಿಚ್ಚಿದ್ರಾ? ಮಗುಚಿ, ಬೆನ್ನಿಗೂ ಹೊಯ್ದ್ಯಾ?

ಆಯ್ತು. ಹೌದು, ಅವನ ಕುತ್ತಿಗೆಗೆ ಆ ಹೊಲಿಗೆ ಹಾಕಿದ್ದು ನಾನೇ. ಆಸ್ಪತ್ರೆಗೆ ನೋಡೋಕೆ ಹೋದಾಗ ನಿಮ್ಮವ್ವ ದುರ್ಗಮ್ಮ ಗಂಜಿ ತರೋಕೆ ಹೋಗಿದ್ಲು. ಅವನಿಗೆ ಎಚ್ಚರ ಇರ್ಲಿಲ್ಲ. ಡಾಕ್ಟ್ರಿಗೆ ಗೊತ್ತಾಗದ ಹಾಗೆ ಮದ್ದು ಕದ್ದೆ ಕಣೋ, ಬದುಕ್ಲಿ ಅಂತ ಕದ್ದೆ. ಕೈ ಮುಗೀಬೇಕು ನೀನು ನಂಗೆ. ಮದ್ದು ಹಿಡೀಲಿಲ್ಲ, ಅವನ ಹಣೆಬರ. ನಾನೆಂತ ಮಾಡ್ಲಿ?

ಅದ್ಯಾಕೆ ಬಿಳಿ ದಾರದ ರೀಲು ತಗೊಂಡೆ? ಇಡು ಕೆಳಗೆ. ನಾನು ಹಾಕಿದ್ದು ಕೆಂಪು. ಕೆಂಪೇ. ನೀರು ಬಿದ್ದು ಬಣ್ಣ ಬಿಟ್ಟಿರ್ತದೆ... ನನ್ನ ಮುಂದೆ ಯಾಕೆ ಹಿಡೀತೀಯ ಅದನ್ನ? ಕೆಂಪು ಅಂತ ಹೇಳ್ದೆನಲ್ಲ! ಬೈಯೋದಾದ್ರೆ ಬೈಯಿ, ಹೊಡಿಯೋದಾದ್ರೆ ಹೊಡಿ. ಆ ದಾರ ಮಾತ್ರ ಕೆಳಗಿಡು, ಕನ್ನಪ್ಪ.

ಹೋ, ಜಲಜ ಬಂದ್ಲು. ಬುತ್ತಿ ಅಲ್ಲೇ ಬಾಗಿಲಲ್ಲಿಟ್ಟು ಹೋಗು ಮಗ. ಒಳಗೆ ಬರ್ಬೇಡ... ನೀ ಎಲ್ಲಿಗೆ ಹೊರಟೆ? ಕನ್ನಪ್ಪ, ಅವಳ ಹತ್ರ ಎಂತ ಕೆಲಸ ನಿಂಗೆ? ಜಲಜ, ಹಿಂದೆ ತಿರುಗ್ಬೇಡ, ಹೋಗು ಅಂದ್ನಲ್ಲ... ಕನ್ನಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಅವಳ ಜಡೆ ಎತ್ಬೇಡ... ಆ ಕೆಂಪು ಹೊಲಿಗೆ ಇನ್ನೂ ಬಿಚ್ಚಿಲ್ಲ.