ಪ್ರಿಂಟರ್ ತಿಂದ ಕೊನೆಯ ಸಾಲು

ಸಭೆಗೆ ಬಂದ ಹಿರಿಯರಿಗೆ, ಖಾನಾಪುರದ ಮುದ್ರಣ ಬಂಧುಗಳಿಗೆ ಶರಣು. ಲಿಂಗೈಕ್ಯ ಗುರುಪುತ್ರಪ್ಪನವರ ಪತ್ನಿ ಅಕ್ಕವ್ವನವರಿಗೆ, ಮಗಳು ಸಾಕ್ಷಿಗೆ ಕೈಮುಗಿದು ಮಾತು ಶುರು ಮಾಡ್ತೇನೆ. ನಾನು ನೀಲಾ. ಪ್ರೆಸ್ಸಿನಲ್ಲಿ ಗುರುಪುತ್ರಪ್ಪನವರು ಕಂಪ್ಯೂಟರಿನ ಮೇಲೆ ಪುಟ ಕಟ್ಟುತ್ತಿದ್ದರು, ನಾನು ಕರಡು ತಿದ್ದುತ್ತಿದ್ದೆ.

ಅವರ ಗುಣಗಾನ ಮಾಡು ಅಂದಿದ್ದಾರೆ. ಮಾಡೋಣ. ಆದರೆ ಮೊದಲು — ನಿಮ್ಮ ಕೈಯಲ್ಲಿರುವ ಶ್ರದ್ಧಾಂಜಲಿ ಹಾಳೆ ಎತ್ತಿ. ಕೆಳಗೆ ನೋಡಿ. 'ದುಃಖತಪ್ತರು' ಅಂತ ಇದೆ. ಯಾರು? — ಯಾರೂ ಇಲ್ಲ! ಅಕ್ಕವ್ವ, ಸಾಕ್ಷಿ ಎಂಬ ಸಾಲನ್ನೇ ಪ್ರಿಂಟರ್ ತಿಂದಿದೆ. ಥೂ! ಹೇಸಿಗೆ ಆಗ್ತದೆ ನನಗೆ.

ನಮ್ಮ ಪ್ರೆಸ್ಸಿನ ಮಾಲೀಕ ಸಂಜಯನನ್ನು ಕೇಳಿದೆ. 'ಪ್ರಿವ್ಯೂದಾಗ ಎಲ್ಲಾ ಚಂದ ಕಂಡಿತ್ತಲ್ರೀ ಅಕ್ಕಾರ,' ಅಂದ.

ಪ್ರಿವ್ಯೂ! ಇದನ್ನೇ ಗುರುಪುತ್ರಪ್ಪನವರು ಬಡಕೊಂಡು ಬಡಕೊಂಡು ಹೋದರು. ಗಂಟಲು ದೊಡ್ಡದು, ಸಿಟ್ಟು ಇನ್ನೂ ದೊಡ್ಡದು. 'ಲೇ, ಪರದೆ ಮ್ಯಾಲಿನ ಹಾಳಿ ಕಾಗದ ಅಲ್ಲ. ಸಾಫ್ಟ್‌ವೇರ್ ಹೋಗಿ ಪ್ರಿಂಟರ್ ನಡಸೋ ಪ್ರೋಗ್ರಾಂ, ಆ ಡ್ರೈವರನ್ನ ಕೇಳ್ತೈತಿ — ಕಾಗದ ಎಷ್ಟುದ್ದ? ಅಂಚಿಗೆ ಎಷ್ಟು ಹತ್ರ ಮಸಿ ಹಾಕ್ತಿ? ಅದು ಹೇಳಿದಂಗ ಚಿತ್ರ ತಗದು ತೋರಸ್ತೈತಿ. ನೀ ಆರಿಸಿದ ಪ್ರಿಂಟರಿಗಷ್ಟ ಆ ಚಿತ್ರ ಖರೇ. ಬ್ಯಾರೇ ಪ್ರಿಂಟರಿಗೆ ಅಲ್ಲ!'

ಅದಕ್ಕೇ ಯಾವ ಕೆಲಸವಿರಲಿ, ಒಂದು ಹಾಳೆ ತೆಗೆದು, ಹೀಗೆ — ಹೀಗೆ ಹಿಡಿದು, ಗಿರಾಕಿಯಿಂದ ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿಸುತ್ತಿದ್ದರು. ಒಮ್ಮೆ ಮದುವೆ ಪತ್ರಿಕೆ ಮಾಡಿಸಲು ಬಂದ ನಮ್ಮ ದುಂಡಪ್ಪನವರು ಗಡಿಬಿಡಿಯಲ್ಲಿ ಓದದೇ ಎದ್ದರು. ಚಪ್ಪಲಿ ಇಲ್ಲ! ಗುರುಪುತ್ರಪ್ಪನವರು ಟೇಬಲ್ ಕೆಳಗೆ ಸರಿಸಿಟ್ಟಿದ್ದರು; ಕೂತು ಓದಿದ ಮೇಲೇ ಕೊಟ್ಟರು. ನಗ್ರಿ, ದುಂಡಪ್ಪನವರ, ನಗ್ರಿ. ನಿಮ್ಮ ಬೀಗರ ಹೆಸರು ಕತ್ತರಿಸಿ ಹೋದದ್ದು ಅವತ್ತೇ ಸಿಕ್ಕಿತು.

ಮತ್ತೆ ಸಂಜಯ? ಬೆಳಗಾವಿಯ ಹಿಂದವಾಡಿ ಆಫೀಸಿನಲ್ಲಿ ದೊಡ್ಡ ಲೇಸರ್ ಪ್ರಿಂಟರ್ ಆರಿಸಿ ಪ್ರಿವ್ಯೂ ನೋಡಿದ. ಫೈಲು ತುಂಬಿದ ಫ್ಲಾಪಿ ಕಿಸೆಗೆ ಹಾಕಿಕೊಂಡು ಖಾನಾಪುರಕ್ಕೆ ಬಂದ. ಇಲ್ಲಿನ ಸಣ್ಣ ಪ್ರಿಂಟರಿಗೆ ಕೆಳಗಿನ ಅಂಚು ಮುಟ್ಟಲಿಕ್ಕೆ ಬರೋದಿಲ್ಲ. ಕಂಪ್ಯೂಟರ್ ಎಚ್ಚರಿಸಿತು, ಓದದೇ 'ಓಕೆ' ಒತ್ತಿದ. ಒಂದು ಹಾಳೆ — ಒಂದೇ ಒಂದು — ಎತ್ತಿ ನೋಡಲಿಲ್ಲ. ಹಂಚಿದವರು ನೋಡಲಿಲ್ಲ. ತಗೊಂಡವರು ಮಡಚಿ ಗಾಳಿ ಬೀಸಿಕೊಳ್ತಾ ಕೂತೀರಿ! ಗುರುಪುತ್ರಪ್ಪನವರು ಕಲಿಸಿದ ಒಂದು ಕೆಲಸ, ಅವರ ಹಾಳೆಗೇ ನಾವು ಮಾಡಲಿಲ್ಲ.

ನೋಡಿದವಳು ಸಾಕ್ಷಿ. ಬಾಗಿಲಲ್ಲೇ ನಿಂತು, ಕೆಳಗಿನಿಂದ ಮೇಲಕ್ಕೆ ಓದಿದಳು. 'ಅಪ್ಪ ಇದ್ದಿದ್ರ ನಮ್ಮ ಹೆಸರು ಇರ್ತಿತ್ತು, ಅತ್ತೀ,' ಅಂದಳು.

ನನ್ನ ಮಾತು ಇಷ್ಟೇ. ಮೌನಕ್ಕೆ ಏಳೋಣ. ಹಾಳೆ ಕುರ್ಚಿ ಮೇಲೆ ಬಿಡಿ. ಫೋಟೋದ ಕಡೆ ಬೇಡ — ಇಲ್ಲಿ, ಈ ತಾಯಿ, ಈ ಮಗಳ ಕಡೆ ತಿರುಗಿ ನಿಲ್ಲಿ. ಅಕ್ಕವ್ವಾರ, ನೀವು ಕುಂದರ್ರಿ. ಸಂಜಯ, ನೀನು ಮೊದಲು ಏಳು.