ಕಿಟಕಿಗೆ ಹಿಡಿದ ಕಾಗದ

…ಜ್ವರ ಅಲ್ಲ ಅಂತಾದ್ರೆ ಮತ್ತೆ ಎಂತ ಪಾತುಮ್ಮ? ನಿಮ್ಮ ಮಗಳು ಸುಹರಾ ಶಾಲೆಗೆ ಬಾರದೆ ವಾರ ದಾಟಿತು. ಏಳಬೇಡಿ, ಏಳಬೇಡಿ, ಬಾಣಲೆ ಒಲೆಯ ಮೇಲುಂಟು. ನಾನು ಇಲ್ಲೇ ಜಗಲಿಯಲ್ಲಿ ಕೂತ್ಕೊಳ್ತೇನೆ.

ಹುಡುಗಿ ಒಳಗುಂಟಲ್ಲ? ಬಾಗಿಲ ಹಿಂದೆ ಬಳೆ ಸದ್ದಾಯ್ತು. ಇರಲಿ, ಕರೆಯಬೇಡಿ. ಇನ್ನೂ ತಪ್ಪಿಸಿದ್ರೆ ಹೆಡ್ಮಾಷ್ಟ್ರು ಹೆಸರು ಹೊಡೆದುಹಾಕ್ತಾರೆ. ಹೆಸರು ಹೋದ್ರೆ ಪರೀಕ್ಷೆಗೆ ಕೂರ್ಲಿಕ್ಕಿಲ್ಲ. ಪರೀಕ್ಷೆ ಇಲ್ಲದಿದ್ರೆ ಓದು ಅಲ್ಲಿಗೇ ನಿಂತಿತು, ಗೊತ್ತಾಯ್ತಲ್ಲ? ನಿಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಏಳನೇ ಕ್ಲಾಸಿನವರೆಗೆ ಬಂದದ್ದು ಇವಳೊಬ್ಬಳು. ಅದಕ್ಕೇ ಈ ಪೂವಮ್ಮ ಟೀಚರ್ ಗುಡ್ಡೆ ಹತ್ತಿ ಬಂದದ್ದು.

ಈಗ ಹೊಸ ಪಾಠ ಒಂದು ಬಂದಿದೆ, ಆರೋಗ್ಯದ್ದು. ಪುತ್ತೂರಿಗೆ ಕರೆಸಿ ಮೊದಲು ನಮಗೇ ಕಲಿಸಿದ್ರು. ಎಂತ ತಿನ್ನಬೇಕು, ಎಂತ ತಿನ್ನಬಾರದು ಅಂತ. ಬಿಡಿಸಿ ಹೇಳ್ತೇನೆ. ಗಂಜಿ ಶಕ್ತಿಗೆ. ಹೆಸರುಕಾಳು ಮೈ ಬೆಳೀಲಿಕ್ಕೆ. ನುಗ್ಗೆಸೊಪ್ಪು ಕಣ್ಣಿಗೆ. ಕರಿದದ್ದು… ಬರೇ ನಾಲಗೆಗೆ. ಹೀಗೆ ಹೇಳಿದ್ದಕ್ಕೆ ಕ್ಲಾಸಿಡೀ ನಕ್ಕಿತು. ನಿಮಗೆ ನಗು ಬರ್ಲಿಲ್ಲವಾ?

ಶಾಲೆಗೆ ಅಮೇರಿಕದ ಹಾಲಿನ ಪುಡಿ ಬರ್ತದಲ್ಲ, ಮೊದಲು ಮಕ್ಕಳು ಅಂಗೈಗೆ ಹಾಕಿ ನೆಕ್ಕಿ ಮೂತಿಯೆಲ್ಲ ಬೆಳ್ಳಗೆ ಮಾಡ್ತಿದ್ರು. ಈಗ ಕಲಸಿ ಕೊಟ್ಟದ್ದನ್ನು ಕೂತು ಕುಡೀತಾರೆ. ಅಲಿ ಕುಂಞಿ ಬುತ್ತಿಯಲ್ಲಿ ಬಸಳೆ ತಂದು ಬಂಗಾರದ ಹಾಗೆ ಎಲ್ಲರಿಗೂ ತೋರಿಸ್ತಾನೆ. ಪಾಠ ಅಂದ್ರೆ ಹಾಗೆ ಹಿಡಿಯಬೇಕು.

ಎಂತ… ನೀವು ಕರಿದು ಮಾರುವ ನೆಯ್ಯಪ್ಪ ಬುಟ್ಟಿ ತುಂಬ ಹಾಗೇ ಉಂಟಲ್ಲ? ಶಾಲೆ ಗೇಟಿನ ಹತ್ರ ಮಕ್ಕಳು ತೆಗೊಳ್ಳುದಿಲ್ಲವಾ? ಛೆ. ನಾನು ನಿಮ್ಮ ಹೆಸರು ಎತ್ತಲೇ ಇಲ್ಲ. ಕರಿದದ್ದು ಅಂತ ಹೇಳಿದ್ದು. ಕರಿದದ್ದು ಅಂದ್ರೆ ಎಲ್ಲ ಕರಿದದ್ದು.

ಹಾಗೆ ಯಾಕೆ ನೋಡ್ತೀರಿ?

ಸರಿ, ಕ್ಲಾಸಿಗೆ ನಿಮ್ಮದೊಂದು ನೆಯ್ಯಪ್ಪ ತರಿಸಿದ್ದೆ. ಕಣ್ಣಿಗೆ ಕಾಣದಿದ್ರೆ ಮಕ್ಕಳ ತಲೆಗೆ ಹೋಗುದಿಲ್ಲ. ಕಾಗದದ ಮೇಲಿಟ್ಟು ಒತ್ತುದು, ಆಮೇಲೆ ಕಾಗದವನ್ನು ಕಿಟಕಿಗೆ ಹಿಡಿಯುದು. ಎಣ್ಣೆ ಕುಡಿದಲ್ಲಿ ಬೆಳಕು ಹಾದು ಬರ್ತದೆ. ಅದು ವಿಜ್ಞಾನ, ಬೇರೆ ಎಂತದೂ ಅಲ್ಲ…

ಬಾಗಿಲ ಕಡೆ ನೋಡ್ತೀರಿ. ಹೇಳಿದ್ಲಾ ಅವಳು?

ಹೌದು, ಕಾಗದ ಹಿಡಿದದ್ದು ಸುಹರಾ. ಕಿಟಕಿ ಎತ್ತರ, ಅವಳೂ ಎತ್ತರ, ಹಾಗಾಗಿ ಕರೆದೆ. ಕಾಗದದ ಹಿಂದೆ ಮುಖ ಅಡಗಿಸಿದ್ಲು. ನಾಚಿಕೆ ಅಂತ ಗ್ರಹಿಸಿದೆ. ಹಿಂದಿನ ಬೆಂಚಿನವರು ‘ಸುಹರಾನ ಉಮ್ಮನ ಎಣ್ಣೆ’ ಅಂದ್ರು. ಮಕ್ಕಳಲ್ಲವಾ ಮಾರಾಯ್ರೆ. ನಾನು ಮೇಜಿಗೆ ಬೆತ್ತ ಬಡಿದೆ. ಸ್ವಲ್ಪ… ಸ್ವಲ್ಪ ತಡವಾಗಿ ಬಡಿದೆ.

ಎಲ್ಲಿಗೆ ಹೊರಟಿರಿ? ಉಪಚಾರ ಎಲ್ಲ ಬೇಡ… ಓ, ಬಾಳೆಹಣ್ಣು. ಎಳನೀರು. ಕತ್ತಿಯೂ ನನ್ನ ಕೈಗೇ ಕೊಡ್ತೀರಾ?

ಅದೇ ಕ್ರಮ ಅಲ್ಲವಾ, ಮುಸ್ಲಿಮರ ಮನೆಗೆ ನಮ್ಮವರು ಬಂದ್ರೆ ಬೇಯಿಸಿದ್ದು ಕೊಡುದಿಲ್ಲ, ಸಿಪ್ಪೆ ಇರುವಂಥದ್ದೇ ಕೊಡುದು, ಒಳಗಿನದ್ದಕ್ಕೆ ನಿಮ್ಮ ಕೈ ತಾಗದ ಹಾಗೆ. ಅಜ್ಜಂದಿರ ಕಾಲದ್ದು. ನಾನು ಅದನ್ನೆಲ್ಲ ನೋಡುವವಳಲ್ಲ ಪಾತುಮ್ಮ, ನಾನು ಟೀಚರ್. ನಿಮ್ಮ ನೆಯ್ಯಪ್ಪ ನಾನು ಇಷ್ಟು ವರ್ಷದಲ್ಲಿ ತಿನ್ನದಿದ್ದದ್ದು ಎಣ್ಣೆ ಅಂತ. ಎಣ್ಣೆ ನನಗೆ ಆಗಿಬರುದಿಲ್ಲ.

ಈಗ ಯಾಕೆ ನಗ್ತೀರಿ? ಅಷ್ಟು ಹೊತ್ತು ನಗದವರು…

ಎಂತ ಅಂದ್ರಿ, ಭಟ್ಟರ ಹೋಟೆಲಾ? ಹೌದು. ಶನಿವಾರ ಸುಳ್ಯದ ಬಸ್ಸಿಗೆ ಕಾಯುವಾಗ ಭಟ್ಟರ ಹೋಟೆಲಿನಲ್ಲಿ ಗೋಳಿಬಜೆ ತಿಂತೇನೆ. ನೀವು ಆಚೆ ಬದಿಯಲ್ಲಿ ಬುಟ್ಟಿ ಇಟ್ಟು ಕೂತಿರ್ತೀರಿ, ಕಾಣದೆ ಇರ್ತದಾ? ಅದೂ ಕರಿದದ್ದೇ. ಎಣ್ಣೆ ನಿಮ್ಮದಕ್ಕಿಂತ ಹೆಚ್ಚು, ಕೈಯೆಲ್ಲ ಜಿಡ್ಡಾಗ್ತದೆ. ಕ್ಲಾಸಿಗೆ ಅದನ್ನೂ ತರಿಸಬಹುದಿತ್ತು. ಹೋಟೆಲು ಶಾಲೆಗೆ ಹತ್ತಿರ ಬೇರೆ. ಅದನ್ನು ಯಾಕೆ ತರಿಸ್ಲಿಲ್ಲ ಅಂದ್ರೆ… ಯಾಕೆ ಅಂದ್ರೆ…

ಪಾತುಮ್ಮ, ನೀವು ಬೈದ್ರೂ ಆದೀತು.

ಬಾಳೆಹಣ್ಣು ಬೇಡ. ನೆಯ್ಯಪ್ಪ ಒಂದು ಕೊಡಿ. ಸುಹರಾ, ಹೊರಗೆ ಬಾ ಮಗಾ, ನಾನು ತಿನ್ನುದನ್ನು ನೋಡು. ನಾಳೆ ಶಾಲೆಯಲ್ಲೂ ಹೇಳ್ತೇನೆ… ಬರುದಿಲ್ಲವಾ ಅವಳು?

ಕೊಡಿ ಪಾತುಮ್ಮ. ನಾನೇ ಕೇಳ್ತಿದ್ದೇನೆ.

…ಬುಟ್ಟಿಗೆ ಯಾಕೆ ಬಟ್ಟೆ ಮುಚ್ಚಿದ್ರಿ?